ಎಂಟು ದಿನಕ್ಕೆ ಮಾರಿದ ಪುಸ್ತಕ

ಗಲಾಟಾ, ಇಸ್ತಾಂಬುಲ್
28 ಏಪ್ರಿಲ್ 1954

ಪ್ರೀತಿಯ ತಂಗಿ ರೆಯ್ನಾ,

ನಿನ್ನ ಹಡಗಿನ ಬೆನ್ನಿಗೇ ಈ ಕಾಗದವೂ ಇದರ ಜೊತೆಗಿನ ಕಟ್ಟೂ ಬ್ಯೂನಸ್ ಐರಿಸ್‌ಗೆ ಬರುತ್ತವೆ. ಕಟ್ಟಿಗೆ ಕತ್ತರಿ ಹಾಕಬೇಡ, ದಾರವನ್ನು ನಿಧಾನವಾಗಿ ಬಿಡಿಸು. ಒಳಗಿರುವುದು ಅಪ್ಪನ ಪುಸ್ತಕ. ಕಳಿಸುತ್ತಿರುವವನು ನಾನಲ್ಲ. ಅದು ಹೇಗೆಂದು ಹೇಳುತ್ತೇನೆ.

ಕಳೆದ ಬುಧವಾರ, ಪೆಸಾಹ್ ಹಬ್ಬದ ನಡುವೆ, ನೀನು ಇಜ್ಮಿರ್‌ನಿಂದ ಬಂದು ಕದ ತಟ್ಟಿದೆ. ಅಪ್ಪ ಹೋಗಿ ಹನ್ನೊಂದು ವರ್ಷವಾದ ಮೇಲೆ ಮೊದಲ ಸಲ. ಮರುದಿನವೇ ನಿನ್ನ ಹಡಗು. ಕಾಫಿ ಕುಡಿದೆ, ನನ್ನ ಪುಸ್ತಕಗಳ ಸಾಲು ನೋಡಿದೆ. ಇಷ್ಟೊಂದು ಧರ್ಮಶಾಸ್ತ್ರ ಒಬ್ಬನಿಗೆ ಯಾಕೆ, ಅಷ್ಟೊಂದು ತಪ್ಪು ಮಾಡುತ್ತೀಯಾ ಎಂದು ಕೆಣಕಿದೆ. ಅವು ಅಚ್ಚಿನ ಕೆಲಸ ಶುರುವಾದ ಹೊಸತರ ಅಪರೂಪದ ಪ್ರತಿಗಳು, ಕೂಡಿಡುವುದಕ್ಕೆ, ಓದುವುದಕ್ಕಲ್ಲ ಎಂದೆ. ನೀನು ನಕ್ಕೆ. ಆಮೇಲೆ ಅಪ್ಪನ ಪುಸ್ತಕವನ್ನು ಕೇಳಿದೆ.

"ನನಗೆ ಪುಸ್ತಕ ಬೇಡ ಅಣ್ಣಾ. ಕೊನೇ ಹಾಳೇಲಿ ಅಪ್ಪ ನಾವು ಹುಟ್ಟಿದ ದಿನ ಬರೆದಿಟ್ಟಿದ್ರಲ್ಲ. ಅದ್ರಲ್ಲಿ ನನ್ನ ಹೆಸ್ರು ಹೊಡೆದುಹಾಕಿದಾರೆ ಅಂತ ನೀನೇ ಬರೆದಿದ್ದೆ. ಅದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು. ನೋಡಿದ್ರೆ ಅಳೋದು ಮುಗಿಯುತ್ತೆ."

ಕಾಫಿ ಅಂಗಡಿಯಲ್ಲಿ ಪಿಟೀಲು ನುಡಿಸುವವನನ್ನು ನೀನು ಮದುವೆಯಾದೆ ಎಂದು ಅಪ್ಪ ಸಾಯುವ ತನಕ ನಿನ್ನೊಡನೆ ಮಾತು ಬಿಟ್ಟಿದ್ದು ಕೇರಿಗೆಲ್ಲ ಗೊತ್ತು. ಆದ್ದರಿಂದ ನಿನ್ನ ಮಾತಿಗೆ ನಾನು ಏನೂ ಹೇಳಲಿಲ್ಲ.

ಹೇಳಿದ್ದು ಬೇರೆ. ಪುಸ್ತಕದ ರಟ್ಟಿಗೆ ಹಿಟ್ಟಿನ ಅಂಟು ಹಾಕಿದೆ, ಹಬ್ಬದ ಎಂಟು ದಿನ ಹುಳಿಬರುವ ಹಿಟ್ಟಿನದ್ದು ಯಾವುದೂ ಯೆಹೂದಿಗಳಾದ ನಮ್ಮ ಸೊತ್ತಾಗಿರಕೂಡದು ಎಂದೆ. ಆದ್ದರಿಂದ ಅದನ್ನೂ ಶಾವಿಗೆ, ರಸ್ಕುಗಳ ಜೊತೆ ಅಡುಗೆಮನೆಯ ಕಪಾಟಿಗೆ ಹಾಕಿ, ಕಪಾಟನ್ನು ಕೆಳಗಡೆ ಗಡಿಯಾರ ರಿಪೇರಿ ಮಾಡುವ, ನಮ್ಮ ಧರ್ಮದವನಲ್ಲದ ಅರ್ಮೇನಿಯನ್ ಒನ್ನಿಕ್‌ಗೆ ಮಾರಿ ಕೀಲಿ ಕೊಟ್ಟಿದ್ದೇನೆ. ಹಬ್ಬ ಕಳೆದ ಮೇಲೆ, ಪ್ರತಿ ವರ್ಷದ ಹಾಗೆ, ವಾಪಸು ಕೊಳ್ಳುತ್ತೇನೆ. ಅಲ್ಲಿಯ ತನಕ ಬೇರೆಯವರ ಸೊತ್ತು ಮುಟ್ಟಲು ಧರ್ಮ ಒಪ್ಪದು ಎಂದೆ. ನೀನು ಕಪಾಟಿನ ಬಾಗಿಲ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಇಳಿದು ಹೋದೆ.

ಸೋಮವಾರ ಕಪಾಟನ್ನು ವಾಪಸು ಕೊಳ್ಳಲು ಒನ್ನಿಕ್ ಹತ್ತಿರ ಹೋದೆ. ಮೊನ್ನೆ ಅಳುತ್ತ ಇಳಿದು ಬಂದ ಹೆಂಗಸು ಯಾರೆಂದು ಕೇಳಿದ. ಎಲ್ಲವನ್ನೂ ಹೇಳಿದೆ. ಧರ್ಮ ಬಿಡಲಿಲ್ಲವೆಂಬ ಜಂಬವೂ ಸ್ವಲ್ಪ ಇತ್ತು. ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದಿಟ್ಟ.

"ಬೋಹೋರ್ ಅವ್ರೇ, ಪುಸ್ತಕ ನಂದಾಗಿದ್ರೆ ನನ್ನನ್ನ ಯಾಕೆ ಕೇಳ್ಲಿಲ್ಲ? ಹದಿನಾಲ್ಕೇ ಮೆಟ್ಲು. ನಿಮ್ದೇ ಆಗಿದ್ರೆ ಯಾಕೆ ತೋರಿಸ್ಲಿಲ್ಲ?"

ವಾಪಸು ಕೊಳ್ಳುವ ದುಡ್ಡನ್ನು ಅವನ ಮುಂದಿಟ್ಟೆ. ಶಾವಿಗೆ, ರಸ್ಕು ಎಲ್ಲ ವಾಪಸು ಕೊಟ್ಟ. ಪುಸ್ತಕ ಮಾತ್ರ ಮಾರುವುದಿಲ್ಲವೆಂದ. ವ್ಯಾಪಾರ ನಿಜವಾದರೆ ಅದು ತನ್ನದು, ನಾಟಕವಾಗಿದ್ದರೆ ನಾನೇ ನಮ್ಮ ಧರ್ಮಗುರು ರಬ್ಬಿಯ ಮುಂದೆ ನಿಂತು, ಹಬ್ಬದ ಕಟ್ಟಳೆ ಮುರಿದೆನೆಂದು ಒಪ್ಪಿ ಬರಬೇಕಂತೆ. ತನ್ನ ಪುಸ್ತಕವನ್ನು ತಾನು ನಿನಗೆ ಕಳಿಸುತ್ತಾನಂತೆ. ಮನೆಗೆ ಬಂದು ನನ್ನ ನಲವತ್ತಮೂರು ಪುಸ್ತಕಗಳನ್ನೂ ತಿರುವಿ ಹಾಕಿದೆ. ಓದಬೇಕೆಂದು ಅವನ್ನು ತೆರೆದದ್ದು ಅದೇ ಮೊದಲು. ಎಲ್ಲವೂ ಒನ್ನಿಕ್ ಕಡೆಗೇ ಇವೆ.

ಅವನಿಗೆ ಹಳೆಯ ಕಾಗದವನ್ನು ಕಟ್ಟುವ ಬಗೆ ತಿಳಿಯದು, ಆದ್ದರಿಂದ ಕಟ್ಟಿದವನು ನಾನು. ನಾಲ್ಕೂವರೆ ಶತಮಾನದ ಹಿಂದೆ ಇದೇ ಊರಿನಲ್ಲಿ ಅಚ್ಚಾದದ್ದು, ಇಂಥ ಇನ್ನೊಂದು ಪ್ರತಿ ನನಗೆ ಈ ಜನ್ಮದಲ್ಲಿ ಸಿಗುವುದಿಲ್ಲ. ಹೊಟ್ಟೆ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ. ಅದನ್ನು ಒಲೆಯ ಹತ್ತಿರ ಇಡಬೇಡ.

ನಿನ್ನ ಅಣ್ಣ,
ಬೋಹೋರ್

ತಾ.ಕ.: ಕೊನೆಯ ಹಾಳೆ ನೋಡು. ನಿನ್ನ ಹೆಸರಿನ ಮೇಲೆ ಗೀಟಿಲ್ಲ. ಯಾವತ್ತೂ ಇರಲಿಲ್ಲ. ಹಾಗೆ ಬರೆದರೆ ನೀನು ಪುಸ್ತಕ ಕೇಳುವುದಿಲ್ಲವೆಂದು ಅಂದು ಬರೆದುಬಿಟ್ಟೆ. ನಿನ್ನೆ ಕಟ್ಟುವ ಮೊದಲು, ಹೇಳಿದ ಸುಳ್ಳನ್ನು ನಿಜ ಮಾಡಿಬಿಡೋಣವೆಂದು ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಬೇರೆಯವರ ಪುಸ್ತಕ, ಗೀಚಲು ಕೈ ಬರಲಿಲ್ಲ.