ಹಲ್ಲುಗುಡ್ಡದ ಮೇಲೆ ನನ್ನ ಹೊಟ್ಟೆಕಿಚ್ಚು

ಹಲ್ಲುಗುಡ್ಡದ ಗೇಟಿನ ಬೀಗದ ಕೈ ಯಾರ ಮೇಜಿನ ಡ್ರಾಯರಿನಲ್ಲಿದೆಯೋ, ಆ ಅಧಿಕಾರಿಗಳಿಗೆ,

ಮಾನ್ಯರೇ, ಮೊದಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ಹಲ್ಲುಗುಡ್ಡದ ಮೇಲಿನ ಹಾಳುಕೋಟೆಯನ್ನು ನೋಡಿ ಬಂದವರೆಲ್ಲರ ಮೇಲೂ ನನಗೆ ಹೊಟ್ಟೆಕಿಚ್ಚು. ತಮ್ಮ ಮೇಲೂ ಇದೆ. ನನ್ನ ಗಂಡ ಮುತ್ತ ಅವರಿಗೆ ಆ ಕೋಟೆಯ ಮೇಲೆ ಒಮ್ಮೆ ನಿಲ್ಲಬೇಕು. ಅವರ ಕಣ್ಣು ಹೋಗುತ್ತಿದೆ. ತಾವು ಜೂನ್ ಒಂದಕ್ಕೆ ಗೇಟು ಮುಚ್ಚಿ, ಅಕ್ಟೋಬರ್ ಒಂದಕ್ಕೆ ಬನ್ನಿ ಎನ್ನುತ್ತೀರಿ. ಅಕ್ಟೋಬರಿಗೆ ಅವರ ಪಾಲಿಗೆ ಕೋಟೆಯ ಗೋಡೆಯೂ ಒಂದೇ, ನಮ್ಮ ಅಡುಗೆಮನೆಯ ಗೋಡೆಯೂ ಒಂದೇ.

ನಾವು ಗಂಗೊಳ್ಳಿಯವರು. ನಾನು ಹೆಮ್ಮಾಡಿ, ತಲ್ಲೂರು ಕಡೆ ಮನೆಮನೆಗೆ ಮೀನು ಮಾರುತ್ತೇನೆ. ಅವರು ಬೋಟಿನ ತಾಂಡೇಲರು, ಅಂದರೆ ಚುಕ್ಕಾಣಿ ಹಿಡಿದು ಏಳು ಜನರನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುವವರು. ತಮ್ಮ ಕಡತದಲ್ಲಿ ಆ ಕೋಟೆಗೆ ಯಾವ ಅರಸರ ಹೆಸರಿದೆಯೋ ನನಗೆ ತಿಳಿಯದು. ಸಮುದ್ರದಿಂದ ನೋಡಿದರೆ ಅದರ ಮುರುಕು ಬುರುಜು ಬೋಳುಬಾಯಿಯಲ್ಲಿ ಉಳಿದ ಒಂಟಿ ಹಲ್ಲಿನ ಹಾಗೆ ಕಾಣುವುದರಿಂದ ನಾವು ಹಲ್ಲುಗುಡ್ಡ ಎನ್ನುತ್ತೇವೆ. ದಡದ ದೀಪಸ್ತಂಭದ ನೆತ್ತಿಯ ಮೇಲೆ ಆ ಬುರುಜು ಬಂದು ಕೂತರೆ ನೀರಿನಡಿ ಬಂಡೆ ಇದೆ, ಬಲೆ ಹರಿಯುತ್ತದೆ. ಒಂದು ಬೆರಳಷ್ಟು ಎಡಕ್ಕೆ ಸರಿದರೆ ಸಿಗಡಿಯ ಜಾಗ. ಈಗ ಜಿಪಿಎಸ್ ಬಂದಿದೆ, ನಿಜ. ಆದರೆ ನಮ್ಮವರು ಅದು ಹೇಳಿದ್ದನ್ನೂ ಬುರುಜನ್ನು ನೋಡಿಯೇ ನಂಬುವುದು. ಕೋಟೆಯನ್ನು ಕಾಪಾಡುತ್ತಿರುವವರು ತಾವೆಂದು ಬೋರ್ಡಿನಲ್ಲಿ ಬರೆದಿದ್ದೀರಿ. ನಲವತ್ತು ವರ್ಷ ಆ ಕೋಟೆಯನ್ನು ದಿನವೂ ಕೆಲಸಕ್ಕೆ ಹಚ್ಚಿದವರು ಯಾರು ಸ್ವಾಮಿ?

ಹೋದ ವರ್ಷದ ಜುಲೈಯಲ್ಲಿ ನಾವು ಹೊರಟೇ ಹೋಗಿದ್ದೆವು. ನಮ್ಮ ಲೆಕ್ಕದಲ್ಲಿ ರಜೆ ಎಂದರೆ ಜೂನ್, ಜುಲೈ. ಸರಕಾರವೇ ಸಮುದ್ರಕ್ಕೆ ಹೋಗಬೇಡಿ ಎಂದು ಬೋಟುಗಳನ್ನು ಕಟ್ಟಿಹಾಕಿಸುವ ಎರಡು ತಿಂಗಳು. ಉಳಿದ ಹತ್ತು ತಿಂಗಳು ಅವರಿಗೆ ಬೋಟು ಬಿಟ್ಟು ಗುಡ್ಡ ಹತ್ತಲು ಪುರುಸೊತ್ತಿಲ್ಲ. ನೆಂಟರ ಮನೆಗೆ ಹೋಗುವುದು, ಬಲೆ ಹೆಣೆಯುವುದು, ಹಲ್ಲು ಕೀಳಿಸುವುದು, ಕಣ್ಣು ತೋರಿಸುವುದು ಎಲ್ಲವೂ ಆಗಲೇ. ಸಮುದ್ರ ಮುಚ್ಚಿದೆ ಎಂದಮೇಲೆ ಉಳಿದದ್ದೆಲ್ಲ ತೆರೆದೇ ಇರುತ್ತದೆ ಎಂದುಕೊಂಡುಬಿಟ್ಟೆವು, ಯಾರನ್ನೂ ವಿಚಾರಿಸಲಿಲ್ಲ. ಹದಿನೈದು ದಿನ ಅದೇ ಮಾತು, ಅದೇ ತಯಾರಿ. ಜೀಪು ಗೊತ್ತುಮಾಡಿದೆವು. ಚಪಾತಿ, ಒಣಸಿಗಡಿ ಚಟ್ನಿ ಕಟ್ಟಿಕೊಂಡೆವು. ಮುತ್ತ ಅವರು ಮದುವೆಗೆ ಹೊಲಿಸಿದ ಅಂಗಿ ಹಾಕಿಕೊಂಡರು. ಗೇಟಿನ ಹತ್ತಿರ ತಮ್ಮ ಕಾವಲುಗಾರ ಕಿಟ್ಟ ಅಡ್ಡ ಬಂದ.

"ಹ್ವಾಯ್, ಮಳೆಗಾಲ ಅಲ್ದಾ, ಮೇಲೆ ಬಿಡುಕಿಲ್ಲೆ. ಕಾಲ್ ಜಾರತ್ತ್ ಅಂದೇಳಿ ಬೋರ್ಡ್ ಹಾಕಿರ್ ಕಾಣಿ."

ನಲವತ್ತು ವರ್ಷ ಒದ್ದೆ ಹಲಗೆಯ ಮೇಲೆ, ಅದೂ ಅಲುಗುವ ಹಲಗೆಯ ಮೇಲೆ, ಬರಿಗಾಲಲ್ಲಿ ನಿಂತವರಿಗೆ ಕಾಲು ಜಾರುತ್ತದಂತೆ! ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಚಪಾತಿ ತಿಂದು ವಾಪಸು ಬಂದೆವು. ಕಿಟ್ಟನಿಗೂ ಎರಡು ಕೊಟ್ಟೆವು, ಪಾಪ ಅವನ ತಪ್ಪೇನು?

ಅದಾಗಿ ಒಂದು ವಾರಕ್ಕೆ ಪತ್ರಿಕೆಯಲ್ಲಿ ತಮ್ಮ ಫೋಟೋ ಬಂತು. ಸುರಿಯುವ ಮಳೆಯಲ್ಲಿ ಅದೇ ಬುರುಜಿನ ಮೇಲೆ ತಾವು ಕೋಟೆಯ ಸ್ಥಿತಿಗತಿ ಪರಿಶೀಲಿಸುತ್ತಿದ್ದೀರಿ. ಪಕ್ಕದಲ್ಲಿ ತಮ್ಮ ಶ್ರೀಮತಿಯವರು ಕೊಡೆ ಹಿಡಿದು ಪರಿಶೀಲಿಸುತ್ತಿದ್ದಾರೆ. ಇಬ್ಬರು ಮಕ್ಕಳು ಜೋಳ ತಿನ್ನುತ್ತ ಪರಿಶೀಲಿಸುತ್ತಿದ್ದಾರೆ. ಸರಕಾರಿ ಕಾಲು ಜಾರುವುದಿಲ್ಲವೆಂಬ ಸುತ್ತೋಲೆ ಏನಾದರೂ ಇದ್ದರೆ ದಯವಿಟ್ಟು ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ. ಆ ಪತ್ರಿಕೆಯಲ್ಲಿ ಮೀನು ಕಟ್ಟಿ ಕೊಡಲು ನನಗೆ ಮನಸ್ಸಾಗದೆ ಹರಿದು ಒಲೆಗೆ ಹಾಕಿದೆ.

ಈ ಜನವರಿಯಲ್ಲಿ ತಲ್ಲೂರಿನ ಪ್ರಫುಲ್ಲಕ್ಕ ಹೋಗಿ ಬಂದರು. ಅವರದು ಗದ್ದೆ ತೋಟ ಇರುವ ಮನೆ, ಗಂಡ ಅಣ್ಣಯ್ಯ ಅವರದು ಮುಂಬಯಿಯಲ್ಲಿ ಹೋಟೆಲು. ನನ್ನ ಹತ್ತಿರ ಇಪ್ಪತ್ತು ವರ್ಷದಿಂದ ಮೀನು ತೆಗೆದುಕೊಳ್ಳುವವರು, ಕೆಟ್ಟವರಲ್ಲ. ಬಂಗುಡೆ ಆರಿಸುತ್ತ ಮೊಬೈಲಿನಲ್ಲಿ ಒಂದೊಂದೇ ಫೋಟೋ ತೋರಿಸಿದರು.

"ಎಂತಾ ಗಾಳಿ ಅಂತಿ ಸುಗುಣ! ಸೀರಿ ಹಿಡ್ಕಂಬುಕೇ ಒಂದ್ ಕೈ ಬೇಕ್ ಮಾರಾಯ್ತಿ."

"ಅಲ್ಲಿಂದ ಸಮುದ್ರ ಕಾಣತ್ತಾ ಪ್ರಫುಲ್ಲಕ್ಕ?" ಎಂದೆ.

"ಸಮುದ್ರ್ವಾ? ಕಾಣತ್ತೇನೋ. ಆ ಬದಿ ಬಿಸಿಲ್ ಮಾರಾಯ್ತಿ, ನಾವ್ ಹೋಯ್ಲೇ ಇಲ್ಲ."

ಅಷ್ಟು ಮೇಲೆ ಹತ್ತಿ, ಬುರುಜಿನ ಮೇಲೆ ನಿಂತು, ಪಡುಗಡೆಗೆ ಮುಖ ತಿರುಗಿಸದೆ ಇಳಿದು ಬಂದರಂತೆ! ಆ ದಿನ ನನಗಾದ ಹೊಟ್ಟೆಯುರಿಯನ್ನು ಬರೆದು ತಿಳಿಸಲು ಸಾಧ್ಯವಿಲ್ಲ. ಇಲ್ಲದವರ ಕಣ್ಣೆದುರು ಊಟ ಚೆಲ್ಲಿದ ಹಾಗಾಯಿತು. ಬಂಗುಡೆಯಲ್ಲಿ ಒಂದು ಮೆತ್ತಗಾದದ್ದನ್ನು ಬೇಕೆಂದೇ ಸೇರಿಸಿ ಕೊಟ್ಟೆ. ಇದನ್ನು ಪತ್ರಿಕೆಯಲ್ಲಿ ಓದಿದರೆ ಪ್ರಫುಲ್ಲಕ್ಕ ಕ್ಷಮಿಸಬೇಕು.

ಈ ಸಲ ಬೋಟು ಕಟ್ಟಿದ ಮೇಲೆ, ಜೂನ್ ಮೂರಕ್ಕೆ, ಕುಂದಾಪುರದಲ್ಲಿ ಕಣ್ಣು ತೋರಿಸಿದೆವು. ಒಂದು ಕಣ್ಣು ಆಗಲೇ ಮುಗಿದಿದೆಯಂತೆ. ಇನ್ನೊಂದರಲ್ಲಿ ನಡುವೆ ಸ್ವಲ್ಪ ಉಳಿದಿದೆ, ಸುತ್ತ ಕತ್ತಲೆ. ಅದು ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟರು ಮಳೆಗಾಲ ದಾಟುವ ಭರವಸೆ ಕೊಡಲಿಲ್ಲ. ಇನ್ನು ಅವರು ಬೋಟು ಹತ್ತುವುದಿಲ್ಲ. ಮರುದಿನವೇ ನಾನು ಡಾಕ್ಟರ ಚೀಟಿ ಹಿಡಿದು ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಚೀಟಿ ನೋಡಿ, "ಮಳೆಗಾಲದಲ್ಲಿ ಮೇಲೆ ಬರೀ ಮಂಜು ಕಣಮ್ಮ, ಕಣ್ಣಿದ್ದವರಿಗೇ ಏನೂ ಕಾಣುವುದಿಲ್ಲ" ಎಂದು ನಕ್ಕರು. ಯಾವ ದಿನ ಮಳೆ ಬಿಟ್ಟು ಆಕಾಶ ತೆರೆಯುತ್ತದೆ ಎಂದು ಮುಂಚಿತವಾಗಿ ಹೇಳಬಲ್ಲವರೊಬ್ಬರು ಈ ಜಿಲ್ಲೆಯಲ್ಲಿದ್ದರೆ ಅದು ನನ್ನ ಗಂಡ. ಗುಮಾಸ್ತರಿಗೆ ಅದನ್ನು ಹೇಳದೆ ಚೀಟಿ ಮಡಚಿಕೊಂಡು ಬಂದುಬಿಟ್ಟೆ. ಆದ್ದರಿಂದ ಈಗ ಪತ್ರಿಕೆಯಲ್ಲಿ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ.

ಇನ್ನೊಂದು ಹೊಟ್ಟೆಕಿಚ್ಚಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಕಣ್ಣ್ ಇಪ್ಪ ಹೊತ್ತಿಗೆ ಎಂತ ಕಾಣ್ಕ್ ನಿಮ್ಗೆ?" ಮಗಳು ದಿವ್ಯಾ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ನನ್ನ ಹೆಸರು ಹೇಳಿದರೂ ಹೇಳಬಹುದು ಎಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ.

"ಹಲ್ಲುಗುಡ್ಡ," ಎಂದರು. "ನೀರಿಂದ ಬುರುಜ್ ಕಂಡಾಯ್ತ್. ಬುರುಜಿಂದ ನಮ್ ನೀರ್ ಹೆಂಗ್ ಕಾಣತ್ತ್ ಅಂದೇಳಿ ಒಂದ್ ಸಲ ಕಾಣ್ಕ್."

ಮೂವತ್ನಾಲ್ಕು ವರ್ಷದ ಸಂಸಾರ. ಅದರಲ್ಲಿ ಮುಕ್ಕಾಲು ಪಾಲು ಅವರು ನೀರಿನ ಮೇಲೆ, ಆ ಕಲ್ಲಿನ ಮೇಲೆ ಕಣ್ಣಿಟ್ಟುಕೊಂಡು. ಮನೆಗೆ ಬಂದಾಗ ನಿದ್ದೆ. ನನ್ನ ಮುಖವನ್ನು ಅವರು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಕಲ್ಲಿನ ರಾಶಿಯನ್ನು ಕಂಡು ಹೆಂಗಸೊಬ್ಬಳು ಕರುಬುವುದುಂಟೇ ಎಂದು ತಾವು ನಗಬಹುದು. ನಗಿ. ಆ ಬುರುಜು ಪೂರ್ತಿ ಬಿದ್ದುಹೋಗಲಿ ಎಂದು ಬಸ್ಸಿನಲ್ಲಿ ಕೂತು ಶಾಪ ಹಾಕಿದವಳು ನಾನು. ಈಗ ಅದನ್ನೇ ಅವರಿಗೆ ತೋರಿಸಿ ಎಂದು ತಮ್ಮ ಮುಂದೆ ಕೈ ಚಾಚಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಜುಲೈ ಮುಗಿಯುವುದರೊಳಗೆ ಅವರು ಹೇಳಿದ ಒಂದು ದಿನ ಗೇಟು ತೆಗೆಸಿ. ಕಾವಲಿಗೆ ಕಿಟ್ಟನನ್ನು ಜೊತೆಗೆ ಕೊಡಿ. ಜಾರಿ ಬಿದ್ದರೆ ಇಲಾಖೆ ಜವಾಬ್ದಾರಿಯಲ್ಲ ಎಂದು ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತೇವೆ. ಆದರೆ ಪಾಸು ಎರಡು ಕೊಡಿ, ಒಂದು ಸಾಲದು. ಅವರು ಮನಸ್ಸು ತುಂಬ ಸಮುದ್ರ ನೋಡಲಿ, ಕಲ್ಲು ನೋಡಲಿ, ನಾನು ಅಡ್ಡ ಬರುವುದಿಲ್ಲ. ಎಲ್ಲ ನೋಡಿ ಮುಗಿದ ಮೇಲೆ ಇಳಿಯಲು ತಿರುಗುತ್ತಾರಲ್ಲ, ಆಗ ಎದುರಿಗೆ ನಾನು ನಿಂತಿರಬೇಕು.

ಇಂತಿ,
ಕಲ್ಲಿನ ಜೊತೆ ಪೈಪೋಟಿಗೆ ಬಿದ್ದಿರುವ
ಸುಗುಣ, ಮೀನು ಮಾರುವವಳು
ಗಂಗೊಳ್ಳಿ, ೧೦ ಜೂನ್ ೨೦೧೬