ಅರಳಿಹಾಳ ಪೇಟೆಯ ಬಾಗಿಲು

ಎರಡನೇ ವೈಶಾಖ, ನಲವತ್ತೊಂದನೇ ದಿನ.

ಅರಳಿಹಾಳದ ಹಳೇ ಪೇಟೆ, ಬಳೆ ಅಂಗಡಿ ಮನೆಯ ಹಿರಿಯರಿಗೆ ನಿಮ್ಮ ಎಂಟನೇ ತಲೆಮಾರಿನ ಹಂಪವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ಇವಳ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ಬೇಸಿಗೆ ಹಿಗ್ಗುತ್ತಾ ಹೋದಂತೆ ನಮ್ಮವರು ವೈಶಾಖದ ದಿನ ಹೆಚ್ಚಿಸಿ ಅದನ್ನೇ ಎರಡು ಮಾಡಿಕೊಂಡಿದ್ದಾರೆ. ನಿಮ್ಮ ಕಾಲದ ಬರಹ ನೋಡಿ ಕಲಿತ ಕನ್ನಡ ಇದು. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆಗಳಿಗೆ ಬಾಗಿಲಿಲ್ಲ. ಇರುವುದು ಗಾಳಿತೆರೆ, ಅಂದರೆ ತಂಪನ್ನು ಒಳಗೇ ಹಿಡಿದು ಮನುಷ್ಯರನ್ನು ಮಾತ್ರ ಬಿಡುವ ಪರದೆ. ಕದಿಯುವಂಥದ್ದು ಯಾರ ಬಳಿಯೂ ಇಲ್ಲವಾದ್ದರಿಂದ ಅಷ್ಟು ಸಾಕು. ನನಗೇನೂ ತೊಂದರೆ ಇರಲಿಲ್ಲ, ನನ್ನ ಅವ್ವ ಗಂಗಮಾಳವ್ವನಿಗೆ ಇತ್ತು. ಹಿರಿಯರ ಹಬ್ಬದಲ್ಲಿ ಎಡೆ ಇಟ್ಟು, ಬಾಗಿಲು ಹಾಕಿ, ಎಲ್ಲರೂ ಹೊರಗೆ ನಿಲ್ಲಬೇಕು. ಸತ್ತವರು ಉಣ್ಣುವುದನ್ನು ಬದುಕಿದವರು ನೋಡಬಾರದು. ತೆಗೆಯುವ ಮುಂಚೆ ತಟ್ಟಿ ಅವರಿಗೆ ಎಚ್ಚರ ಕೊಡಬೇಕು. ಬಾಗಿಲೇ ಇಲ್ಲದ ಮೇಲೆ ಹಾಕುವುದೇನು, ತಟ್ಟುವುದೇನು? ಮೂರು ತಲೆಮಾರಿನಿಂದ ನಮ್ಮಲ್ಲಿ ಯಾರಿಗೂ ಎಡೆ ಇಟ್ಟಿರಲಿಲ್ಲ. ಕಾಯಿಲೆ ಬಲಿತ ಮೇಲೆ ಅವ್ವನಿಗೆ ಅದೊಂದೇ ಚಿಂತೆಯಾಯಿತು. “ನಾವು ಉಪಾಸ ಕೆಡವಿದ ಹಿರೇರು ನನ್ನ ಯಾಕ ಕರಕೊಳ್ತಾರ? ಸತ್ತ ಮ್ಯಾಲೂ ನಾ ಬೀದಿಪಾಲು” ಎನ್ನುತ್ತಿದ್ದಳು.

ಅಷ್ಟರಲ್ಲಿ, ಜನ ಬಿಟ್ಟು ಮಣ್ಣಾಗಿದ್ದ ಅರಳಿಹಾಳದ ಪೇಟೆಯನ್ನು ಹಳೆಯ ಫೋಟೋ ನೋಡಿ ಮರಳಿ ಕಟ್ಟಿದ್ದಾರೆಂಬ ಸುದ್ದಿ ಬಂತು. ಅಲ್ಲಿ ನಿಜವಾದ ಮರದ ಬಾಗಿಲುಗಳಿದ್ದವು. ಮಹಾಲಯ ಅಮಾವಾಸ್ಯೆಯ ದಿನ ಅವ್ವನನ್ನು ನೆರಳುಗಾಡಿಯಲ್ಲಿ ಕೂರಿಸಿಕೊಂಡು ಹೊರಟೆ. ಬಿಸಿಲು ತಾಕದ ಸುರಂಗದಲ್ಲಷ್ಟೇ ಓಡುವ ಗಾಡಿ ಅದು.

ಪೇಟೆಯಲ್ಲಿ ನಿಮ್ಮ ತಂತಿಗಳ ಗೋಜಲಿತ್ತು, ಚಹಾದಂಗಡಿಯ ಬೆಂಚಿತ್ತು. ಯಾವನೋ ಯುವ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸೂ ಇತ್ತು, ಪ್ರವಾಸಿಗರು ಅದಕ್ಕೆ ಕೈಮುಗಿಯುತ್ತಿದ್ದರು. ನನಗೆ ನಗು ಬಂತು, ಆದರೆ ನೆಲ ನೋಡಿದ ಮೇಲೆ ನಿಂತಿತು. ಫೋಟೋದಲ್ಲಿ ನೆರಳು ಬಿದ್ದ ಕಡೆಯಲ್ಲೆಲ್ಲ ಅವರು ಕಪ್ಪು ಬಣ್ಣ ಬಳಿದಿದ್ದರು. ಕೊಡೆ ಹಿಡಿದವಳ ನೆರಳು, ಮಗುವನ್ನು ಎತ್ತಿಕೊಂಡವನ ನೆರಳು. ಆ ಮನುಷ್ಯರು ಮಾತ್ರ ಇರಲಿಲ್ಲ. ಅವ್ವ ಯಾರನ್ನೂ ತುಳಿಯದಂತೆ ಸುತ್ತು ಹಾಕಿ ನಡೆದಳು.

ಪ್ರತಿ ಮನೆಯ ಗೋಡೆಯ ಮೇಲೂ ಒಂದು ಕೆಂಪು ಗೆರೆ, ಪಕ್ಕದಲ್ಲಿ ಬಾಣ. ಊರು ತೋರಿಸಲು ಬಂದಿದ್ದ ಚಂದ್ರಶೀಲ ಎಂಬಾತ, “ಇದು ಮಂಗಳದ ಗುರುತು ಅಮ್ಮ, ಹಬ್ಬಕ್ಕೆ ಹಚ್ಚುತ್ತಿದ್ದರು” ಎಂದ.

“ಯಾವ ಮಂಗಳನೋ ತಮ್ಮ. ರಸ್ತಾ ಅಗಲ ಮಾಡಾಕ ಎಲ್ಲೀತನಕ ಮನಿ ಒಡೀಬೇಕಂತ ಹಚ್ಚಿದ್ದು. ನಮ್ಮ ಅಜ್ಜಿ ಹೇಳ್ತಿದ್ಲು” ಎಂದಳು ಅವ್ವ.

ಬಳೆ ಅಂಗಡಿಯ ಬೋರ್ಡು ನೋಡಿ ಅವ್ವನೇ ಮನೆ ಗುರುತಿಸಿದಳು. ನಾನು ಬಾಗಿಲು ತೆಗೆದೆ. ಒಂದು ಮೊಳದಾಚೆ ಬರೀ ಗೋಡೆ. ನೀವು ಮನೆಯ ಮುಂದೆ ನಿಂತು ಸಾವಿರ ಫೋಟೋ ತೆಗೆಸಿಕೊಂಡಿರಿ, ಒಳಗಿನದೊಂದನ್ನೂ ಉಳಿಸಲಿಲ್ಲ. ಅವರಾದರೂ ಏನು ನೋಡಿ ಕಟ್ಟಬೇಕು? ನನಗೆ ಅಳು ಬಂತು, ನಿಮ್ಮ ಮೇಲೆ ಸಿಟ್ಟೂ ಬಂತು. ಅವ್ವ ಮಾತ್ರ ಆ ಸಂದಿಯಲ್ಲೇ ಎಲೆ ಹಾಸಿ ಅನ್ನ, ಕರಿಗಡುಬು ಬಡಿಸಿ ಬಾಗಿಲು ಹಾಕಿದಳು. ಮೂವರೂ ಬಾಗಿಲಿಗೆ ಬೆನ್ನು ಮಾಡಿ ನಿಂತೆವು.

ಸ್ವಲ್ಪ ಹೊತ್ತಾದ ಮೇಲೆ ಅವ್ವ ತಿರುಗಿ ತಟ್ಟಲು ಕೈ ಎತ್ತಿದಳು. ಅಷ್ಟರಲ್ಲಿ ಒಳಗಿನಿಂದ ತಟ್ಟಿದ ಸದ್ದು ಬಂತು. ನನಗೂ ಕೇಳಿಸಿತು, ಚಂದ್ರಶೀಲನಿಗೂ ಕೇಳಿಸಿತು. ಎಡೆ ಇಟ್ಟವರು ನೀವು, ಉಣ್ಣಲು ಬಂದವರು ನಾವು ಎಂಬಂತೆ, ಬಾಗಿಲು ತೆಗೆಯುವ ಮುಂಚೆ ನೀವೇ ನಮಗೆ ಎಚ್ಚರ ಕೊಟ್ಟಿರಿ. ಬೆಳಿಗ್ಗೆಯಿಂದ ಹನಿ ನೀರೂ ಕುಡಿಯದ ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, “ಉಂಡೀವಿ, ತಗೀರಿ” ಎಂದಳು.

ಬಾಗಿಲು ತಾನಾಗಿ ತೆರೆಯಲಿಲ್ಲ. ನಾನೇ ತೆಗೆದಾಗ ಎಡೆ ಇಟ್ಟಂತೆಯೇ ಇತ್ತು. ದಾರಿಯಲ್ಲಿ ಊಟ ಕೊಟ್ಟರೆ, ಹೊಟ್ಟೆ ತುಂಬಿದೆ ಎಂದು ಅವ್ವ ತಟ್ಟೆ ಸರಿಸಿದಳು. ಅವಳ ಮುಖದಲ್ಲಿ ಅಂಥ ಸಮಾಧಾನ ನಾನು ಕಂಡಿರಲಿಲ್ಲ.

ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಆ ದಿನದ ಸುದ್ದಿ ಹಬ್ಬಿ ಪೇಟೆಯ ಬಾಗಿಲುಗಳಿಗೆಲ್ಲ ಮೊಳೆ ಹೊಡೆದಿದ್ದಾರೆ. ಅವಳಿಗೆ ಎಡೆ ಇಡಲು ನನಗೆ ಎಲ್ಲಿಯೂ ಬಾಗಿಲಿಲ್ಲ. ಅದಕ್ಕೇ ಈ ಕಾಗದ. ಅಂದು ನೀವು ಒಳಗಿನಿಂದ ತಟ್ಟಿದ ಆ ಬಾಗಿಲಿನ ಕೆಳಗಿನ ಸಂದಿಯಿಂದ ಇದನ್ನು ತಳ್ಳಿ ಬರುತ್ತೇನೆ.

ಮನೆ ಒಡೆಯುವ ಮುಂಚೆ ನಿಮಗೆ ಒಂದಾದರೂ ಹಿರಿಯರ ಹಬ್ಬ ಸಿಕ್ಕರೆ, ಒಂದು ಎಲೆ ಹೆಚ್ಚು ಹಾಕಿ. ಯಾರಿಗೆ ಎಂದು ಮಕ್ಕಳು ಕೇಳಿದರೆ, ನಮ್ಮ ಮನೆಯ ಮಗಳಿಗೆ, ಅವಳಿನ್ನೂ ಹುಟ್ಟಿಲ್ಲ ಎನ್ನಿ. ಅವ್ವನಿಗೆ ಹಲ್ಲಿಲ್ಲ. ಕಡುಬನ್ನು ಹಾಲಿನಲ್ಲಿ ನೆನೆಸಿ ಇಡಿ.