ನಮ್ಮ ಭಾಷೆಯಲ್ಲಿ ಬಾಗಿಲು ತಟ್ಟಿದವರಿಗೆ

ನಗರಾಡಳಿತದ ಸಮಾಜ ಕಲ್ಯಾಣ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮನೆಯ ಹದಿನೇಳು ಹೆಸರುಗಳು ನಿಮ್ಮ ಬಳಿ ಇವೆ. ಅವನ್ನು ವಾಪಸು ಕೊಡಿ. ನಾನು ಕೇಳುವುದು ಇಷ್ಟೇ. ಮುಂದೆ ಓದಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಪತ್ರಿಕೆಯ ಓದುಗರು ಮುಂದುವರಿಸುತ್ತಾರೆ, ಅವರಿಗೆ ನಿಮ್ಮಷ್ಟು ಜನಸೇವೆಯ ಹೊರೆ ಇಲ್ಲ.

ನಿಮಗೆ ನನ್ನ ಬೆನ್ನಿನ ಪರಿಚಯವಿದೆ. ನಾಲ್ಕನೇ ಮಾರ್ಗದ ಟ್ರಾಮಿನಲ್ಲಿ ಬೆಳಿಗ್ಗೆ ಏಳು ನಲವತ್ತಕ್ಕೆ ಹತ್ತಿ, ನನ್ನ ಹಿಂದಿನ ಎರಡನೇ ಸಾಲಿನಲ್ಲಿ ಕೂತು ಪತ್ರಿಕೆ ಓದುತ್ತೀರಿ. ಇಪ್ಪತ್ತೊಂಬತ್ತು ವರ್ಷದಿಂದ ಈ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದೇನೆ. ನಾನು ಸಿಂತಿ ಹೆಂಗಸು, ಜರ್ಮನಿಯಲ್ಲಿ ಜನ ಜಿಪ್ಸಿ ಎಂದು ಕರೆಯುವವರಲ್ಲೊಬ್ಬಳು, ಎನ್ನುವುದು ಡಿಪೋದಲ್ಲಿ ಎಲ್ಲರಿಗೂ ಗೊತ್ತು, ನಾನು ಯಾವತ್ತೂ ಬಚ್ಚಿಟ್ಟಿಲ್ಲ. ಹೋದ ಚಳಿಗಾಲದಲ್ಲಿ ಡಿಪೋದಿಂದ ತಾಮ್ರದ ತಂತಿ ಕಳುವಾದಾಗ ನಲವತ್ತು ಚಾಲಕರಲ್ಲಿ ಮೊದಲು ಯಾರ ಬೀರು ತೆರೆಸಿದರೆಂದು ಊಹಿಸಬಲ್ಲಿರಾ? ನೀವು ಜಾಣರು, ಊಹಿಸಿರುತ್ತೀರಿ. ತಂತಿ ಸಿಕ್ಕಿದ್ದು ಗುತ್ತಿಗೆದಾರನ ಲಾರಿಯಲ್ಲಿ. ಮೇಲ್ವಿಚಾರಕರು ನನ್ನ ಭುಜ ತಟ್ಟಿ, "ಬೇಜಾರ್ ಮಾಡ್ಕೋಬೇಡಮ್ಮ, ರೂಲ್ಸು ಅಂದ್ರೆ ರೂಲ್ಸು" ಅಂದರು. ಆ ರೂಲ್ಸು ಉಳಿದ ಮೂವತ್ತೊಂಬತ್ತು ಬೀರುಗಳಿಗೆ ಯಾಕೆ ಅನ್ವಯಿಸಲಿಲ್ಲವೆಂದು ನಾನು ಕೇಳಲಿಲ್ಲ. ಇಂಥದ್ದನ್ನು ನುಂಗಿಕೊಂಡು ಟ್ರಾಮ್ ಹತ್ತುವುದು ನನಗೆ ಅಭ್ಯಾಸವಾಗಿದೆ.

ಆದರೆ ಕಳೆದ ತಿಂಗಳು ನೀವು ಮಾಡಿದ್ದನ್ನು ನುಂಗಲು ಆಗುತ್ತಿಲ್ಲ.

ನನ್ನ ದೊಡ್ಡಮ್ಮನಿಗೆ ತೊಂಬತ್ತಮೂರು ವರ್ಷ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು, ನನ್ನ ದೊಡ್ಡಪ್ಪನ ಹೆಂಡತಿ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಕಾಗದದ ಮೇಲೆ ಒಂದು ಹೆಸರು, ಮನೆಯೊಳಗೆ ಇನ್ನೊಂದು. ಮನೆಯಲ್ಲಿ ಅವಳು ಬ್ಲೂಮಾ. ಇನ್ನೊಂದು ಹೆಸರನ್ನು ನಿಮ್ಮ ಕಡತದಲ್ಲಿ ನೋಡಿಕೊಳ್ಳಿ.

ಒಂದು ಮಂಗಳವಾರ ಮಧ್ಯಾಹ್ನ ನಿಮ್ಮ ಸಮೀಕ್ಷೆಯ ಹುಡುಗಿ ಅವಳ ಮನೆಯ ಬಾಗಿಲು ತಟ್ಟಿದಳು. 'ಕುಟುಂಬ ಬೆಂಬಲ ಯೋಜನೆ', ಸಂಪೂರ್ಣ ಸ್ವಯಂಪ್ರೇರಿತ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಹೊಸ್ತಿಲಲ್ಲೇ ಶೂ ಬಿಚ್ಚಿಟ್ಟಳಂತೆ, ಮೆಲುದನಿಯಲ್ಲಿ ಮಾತಾಡಿದಳಂತೆ. ಆದರೆ ಬಾಗಿಲಲ್ಲಿ ನಿಂತು ಅವಳು "ಲಾಚೋ ದೀವೆಸ್" ಅಂದಳು. ನಮ್ಮ ಭಾಷೆಯಲ್ಲಿ ನಮಸ್ಕರಿಸಿ, ನಮ್ಮ ಭಾಷೆಯಲ್ಲೇ ಮಾತು ಮುಂದುವರಿಸಿದಳು. ವಿಶ್ವವಿದ್ಯಾಲಯದ ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕಲಿತಿದ್ದಾಳಂತೆ. ನಾವು ಈ ಭಾಷೆಯನ್ನು ಹೊರಗಿನವರಿಗೆ ಕಲಿಸುವುದಿಲ್ಲ. ಅದೇನು ಬಿಗುಮಾನವೆಂದು ಪಂಡಿತರು ಕೇಳುತ್ತಾರೆ, ಕಾರಣವನ್ನು ಈ ಪತ್ರದಲ್ಲೇ ಹೇಳುತ್ತೇನೆ.

ಸಂಜೆ ಪಾಳಿ ಮುಗಿಸಿ ಹೋದಾಗ ದೊಡ್ಡಮ್ಮ ಹಬ್ಬದಷ್ಟು ಖುಷಿಯಲ್ಲಿದ್ದಳು.

"ಬಾಗಿಲು ತೆಗ್ದೆ ಕಣೇ, ನಮ್ ಮಾತು! ಅದೂ ನಮ್ಮಜ್ಜಿ ಆಡ್ತಿದ್ಳಲ್ಲ, ಆ ಹಳೇ ಮಾತು. ನೀವೆಲ್ಲ ಆಡೋ ಕಲಬೆರಕೆ ಅಲ್ಲ. ಕಾಫಿ ಕೊಡ್ದೆ ಹೆಂಗೆ ಕಳಿಸ್ಲಿ?"

"ಯಾರ ಮಗಳಂತೆ ದೊಡ್ಡಮ್ಮ?"

"ಗೊತ್ತಿಲ್ಲ. ಕೇಳೋಕ್ಕೆ ಎಲ್ಲಿ ಬಿಟ್ಳು! ಅವಳೇ ಕೇಳ್ತಿದ್ಳು. ನಿಮ್ಮೋರು ಎಷ್ಟು ಜನ, ಯಾರ್ ಎಲ್ಲಿದ್ದಾರೆ, ಏನ್ ಕೆಲ್ಸ. ಎಲ್ಲಾ ಹೇಳ್ದೆ. ನಿನ್ ಮಗ ಶ್ಪಾಟ್ಸೊ ಮೇಷ್ಟ್ರಾಗಿದಾನೆ, ಇಂಥಾ ಸ್ಕೂಲು ಅಂತಾನೂ ಹೇಳ್ದೆ. ಏನ್ ಚೆಂದ ಬರ್ಕೊಂಡ್ಳು ಗೊತ್ತಾ..."

ಅಲ್ಲಿಗೆ ಅವಳ ಮಾತು ನಿಂತಿತು. ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಮತ್ತೆ ಮಾಡ್ಬಿಟ್ಟೆ ಕಣೇ," ಅಂದಳು. "ಅಯ್ಯೋ, ಮತ್ತೆ ಅದ್ನೇ ಮಾಡ್ಬಿಟ್ಟೆ."

ಮಾನ್ಯರೇ, ಆ 'ಮತ್ತೆ' ಎಂಬುದರ ಹಿಂದಿನ ಕಥೆ ಇದು. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅವಳಿಗೆ ಏಳು ವರ್ಷ. ಇದೇ ಊರಿನ ಅಂಚಿನಲ್ಲಿ, ಈಗ ನಿಮ್ಮ ಈಜುಕೊಳ ಇರುವ ಕಡೆ, ಅವರ ಬಂಡಿಗಳು ನಿಂತಿದ್ದವು. ಬರ್ಲಿನ್‌ನಿಂದ, ನಾಜಿ ಸರ್ಕಾರದ ಜನಾಂಗ ಸಂಶೋಧನಾ ಕಚೇರಿಯಿಂದ, ಒಬ್ಬ ಹೆಂಗಸು ಬಂದಳು, ಬಿಳಿ ಕೋಟು, ಕ್ಯಾಮೆರಾ, ತಲೆ ಅಳೆಯುವ ಕಬ್ಬಿಣದ ಕೊಂಡಿ. ಗಾಜಿನ ಕಣ್ಣುಗಳ ತಟ್ಟೆಯೊಂದನ್ನು ಮಕ್ಕಳ ಕಣ್ಣಿನ ಪಕ್ಕ ಹಿಡಿದು ಬಣ್ಣ ಹೋಲಿಸಿದಳು. ದೊಡ್ಡವರು ತುಟಿ ಬಿಚ್ಚಲಿಲ್ಲ. ಆಗ ಅವಳು ಮಕ್ಕಳ ಬಳಿ ಕೂತು ನಮ್ಮ ಭಾಷೆ ಮಾತಾಡಿದಳು. ನಮ್ಮ ಮಾತಾಡುವವಳು ನಮ್ಮವಳೇ ಅಲ್ಲವೇ? ಏಳು ವರ್ಷದ ಬ್ಲೂಮಾ ಒಂದು ಮಿಠಾಯಿ ಚೀಪುತ್ತಾ ಇಡೀ ವಂಶವನ್ನು ಹೇಳಿಬಿಟ್ಟಳು. ಸೋದರಮಾವನೊಬ್ಬ ಬೇರೆ ಊರಿನಲ್ಲಿ ತನ್ನ ಕುಲ ಹೇಳಿಕೊಳ್ಳದೆ ಬೇಕರಿಯಲ್ಲಿ ಕೆಲಸಕ್ಕಿದ್ದ. ಮಾವ ಬಿಳಿ ಬ್ರೆಡ್ ಸುಡುತ್ತಾನೆಂದು ಹೆಮ್ಮೆಯಿಂದ ಅವನ ಊರನ್ನೂ ಹೇಳಿದಳು. ಆ ಹೆಂಗಸು ದೊಡ್ಡ ಹಾಳೆಯಲ್ಲಿ ಎಲ್ಲರ ಹೆಸರನ್ನೂ ಗೆರೆಗಳಿಂದ ಜೋಡಿಸಿದಳು. ಹೊಗಳಿಕೆಗೆ ಉಬ್ಬಿದ ಬ್ಲೂಮಾ ಹಾಳೆಯ ಮೂಲೆಯಲ್ಲಿ ಒಂದು ಕೋಳಿಯ ಚಿತ್ರ ಬರೆದುಕೊಟ್ಟಳು.

ನಲವತ್ತಮೂರರ ವಸಂತದಲ್ಲಿ ಆ ಹಾಳೆಯ ಪ್ರಕಾರವೇ ಎಲ್ಲರನ್ನೂ ಒಟ್ಟುಮಾಡಿದರು. ಯಾರನ್ನೂ ಹುಡುಕಬೇಕಾಗಲಿಲ್ಲ. ಬೇಕರಿಯ ಮಾವನನ್ನು ಮೈಮೇಲಿನ ಹಿಟ್ಟು ಕೊಡವಲೂ ಬಿಡದೆ ನಿಲ್ದಾಣಕ್ಕೆ ತಂದಿದ್ದರು. ಅವನು ಸೋದರಸೊಸೆಯನ್ನು ನೋಡಿ ಕೈ ಬೀಸಿದನಂತೆ, ಹೇಳಿದ್ದು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತಮೂರು ಜನ ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಹೋದರು, ಇಬ್ಬರು ವಾಪಸು ಬಂದರು. ದೊಡ್ಡಮ್ಮನ ಎಡಗೈ ಮೇಲೆ ಝಡ್ ಅಕ್ಷರದಿಂದ, ಜಿಪ್ಸಿ ಎನ್ನುವುದರ ಜರ್ಮನ್ ಪದದ ಮೊದಲಕ್ಷರದಿಂದ, ಶುರುವಾಗುವ ಒಂದು ಸಂಖ್ಯೆ ಇದೆ. ಅವಳಿಗೆ ಮಕ್ಕಳಾಗದಂತೆ ಶಿಬಿರದ ವೈದ್ಯರೇ ನೋಡಿಕೊಂಡರು. ತೀರಿಕೊಂಡವರ ಮೇಲಿನ ಗೌರವಕ್ಕೆ ನಾವು ಅವರ ಹೆಸರನ್ನು ಉಚ್ಚರಿಸುವುದಿಲ್ಲ. ಅವಳು ಉಚ್ಚರಿಸದಿರುವುದು ನಾಚಿಕೆಯಿಂದಲೂ. ಏಳು ವರ್ಷದ ಮಗು ಮಾಡಿದ ತಪ್ಪಿಗೆ ಎಂಬತ್ತೊಂದು ವರ್ಷ ನಾಚಿಕೆಪಟ್ಟಿದ್ದಾಳೆ. ಹಾಳೆ ಬರೆದವರಲ್ಲಿ ಎಷ್ಟು ಜನ ನಾಚಿದರೋ ನಾನು ಕಾಣೆ.

ಯುದ್ಧ ಮುಗಿದ ಮೇಲೆ ಆ ಹಾಳೆ ಸುಟ್ಟುಹೋಯಿತೆಂದುಕೊಂಡಿರಾ? ಐವತ್ತರ ದಶಕದಲ್ಲಿ ಅವಳು ಪರಿಹಾರಕ್ಕೆ ಅರ್ಜಿ ಹಾಕಿದಾಗ ಮೇಜಿನಾಚೆಯ ಅಧಿಕಾರಿ ಒಂದು ಕಡತ ತೆರೆದ. ತಲೆಕೆಳಗಾಗಿ ಕಂಡರೂ ಅವಳಿಗೆ ತಕ್ಷಣ ಗುರುತು ಸಿಕ್ಕಿತು, ಮೂಲೆಯಲ್ಲಿ ಕೋಳಿ ಇತ್ತು. ಆ ಕಡತ ನೋಡಿಯೇ ಅರ್ಜಿ ತಿರಸ್ಕರಿಸಿದರು. ನಿಮ್ಮವರನ್ನು ಹಿಡಿದದ್ದು ಜನಾಂಗದ ಕಾರಣಕ್ಕಲ್ಲ, ಅಪರಾಧ ತಡೆಯುವುದಕ್ಕೆ ಎಂದರು. ಹನ್ನೆರಡು ವರ್ಷದ ಹುಡುಗಿ ಯಾವ ಅಪರಾಧ ಮಾಡಲು ಹೊರಟಿದ್ದಳೆಂದು ಬರೆದಿರಲಿಲ್ಲ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ಮರುದಿನ ನಿಮ್ಮ ಕಚೇರಿಗೆ ಬಂದೆ. ಕಿಟಕಿಯಲ್ಲಿದ್ದವರು ಬಹಳ ವಿನಯವಂತರು.

"ಅಳಿಸ್ಬೋದು ಮೇಡಂ, ಅದಕ್ಕೆ ಫಾರಂ ಇದೆ. ಯಾರ್ಯಾರದ್ದು ಅಳಿಸ್ಬೇಕೋ ಅವ್ರ ಪೂರ್ತಿ ಹೆಸರು, ಹುಟ್ಟಿದ ದಿನ, ವಿಳಾಸ, ನಿಮಗೆ ಏನಾಗ್ಬೇಕು, ಎಲ್ಲಾ ಬರೆದು ಸಹಿ ಹಾಕ್ಸಿ."

"ಅಲ್ರೀ, ಅದೇ ನಿಮ್ಮ ಹತ್ರ ಇರಬಾರದು ಅಂತ ತಾನೇ ನಾನು ಬಂದಿರೋದು?"

"ನಾನೇನ್ ಮಾಡ್ಲಿ ಮೇಡಂ? ಸಿಸ್ಟಂ ಕೇಳತ್ತೆ."

"ಫಾರಂ ಕೊಟ್ಟರೆ ಆ ಫಾರಂ ಎಲ್ಲಿಡ್ತೀರಿ?"

"ಫೈಲಲ್ಲಿ," ಅಂದರು ಪಾಪ, ನಿಜವಾಗಿಯೂ ಸಹಾಯ ಮಾಡುವ ಮುಖದಿಂದ.

ಒಂಬತ್ತು ದಿನ ಕಳೆಯಿತು. ನನ್ನ ಮಗ ಶ್ಪಾಟ್ಸೊ ಪಾಠ ಹೇಳುವ ಶಾಲೆ ಬೇರೆ ಊರಿನಲ್ಲಿದೆ, ಯಾವ ಊರೆಂದು ಬರೆಯುವುದಿಲ್ಲ. ಹನ್ನೊಂದು ವರ್ಷದಿಂದ ಅವನು ಅಲ್ಲಿ ಯಾರಿಗೂ ತಾನು ಸಿಂತಿ ಎಂದು ಹೇಳಿಲ್ಲ. ಅದಕ್ಕೆ ಅವನೊಡನೆ ಎಷ್ಟೋ ಸಲ ಜಗಳವಾಡಿದ್ದೇನೆ, ಹೇಡಿ ಅಂತಲೂ ಬೈದಿದ್ದೇನೆ. ಆದರೂ ಹೇಳುವುದು ಬಿಡುವುದು ಅವನ ಇಷ್ಟ. ನೀವು ಅವನನ್ನು ಕೇಳಲಿಲ್ಲ. ಶಿಕ್ಷಕರ ಕೊಠಡಿಯ ಅಂಚೆಗೂಡಿಗೆ ಅವನ ಹೆಸರಿನಲ್ಲಿ ಬಣ್ಣದ ಕೈಪಿಡಿ ಬಂತು, ಲಕೋಟೆಯೂ ಇಲ್ಲದೆ. 'ಸಿಂತಿ ಮತ್ತು ರೋಮಾ ಕುಟುಂಬಗಳಿಗೆ ಹೊಸ ಅವಕಾಶಗಳು.' ಮುಖಪುಟದಲ್ಲಿ ನಗುವ ಮಕ್ಕಳು. ನಿಮ್ಮ ಪಟ್ಟಿಯನ್ನು ಜಿಲ್ಲೆಯ ಎಲ್ಲ ಇಲಾಖೆಗಳೊಂದಿಗೆ ಹಂಚಿಕೊಳ್ಳುವ ವ್ಯವಸ್ಥೆ ಇದೆಯಂತೆ.

"ಯಾರೂ ಏನೂ ಅನ್ನಲಿಲ್ಲಮ್ಮ," ಅಂದ ಫೋನಿನಲ್ಲಿ. "ಪಕ್ಕದ ಟೇಬಲ್ಲಿನೋರು ಕುರ್ಚಿಗೆ ತಗುಲಿಸಿದ್ದ ಕೈಚೀಲಾನ ತಗೊಂಡು ತೊಡೆ ಮೇಲೆ ಇಟ್ಕೊಂಡ್ರು, ಅಷ್ಟೆ. ಹನ್ನೊಂದು ವರ್ಷದಿಂದ ಅದು ಅಲ್ಲೇ ತೂಗ್ತಿತ್ತು."

"ದೊಡ್ಡಜ್ಜಿಗೆ ಮಾತ್ರ ಹೇಳ್ಬೇಡ," ಅಂದ. ನಾನು ಹೇಳಲಿಲ್ಲ, ಆದರೆ ನನ್ನ ಮುಖ ನೋಡಿಯೇ ಅವಳು ತಿಳಿದುಕೊಂಡಳು.

ಒಳ್ಳೆಯ ಉದ್ದೇಶವೆಂದು ನೀವು ಹೇಳುತ್ತೀರಿ, ನಾನು ನಂಬುತ್ತೇನೆ. ಆದರೆ ನೀವು ಎಷ್ಟು ದಿನ ಆ ಕುರ್ಚಿಯಲ್ಲಿರುತ್ತೀರಿ? ಹೋದ ವಾರ ನಗರಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ನಿಂತು, "ಈ ಜನ ಒಟ್ಟು ಎಷ್ಟಿದ್ದಾರೆ, ಎಲ್ಲೆಲ್ಲಿದ್ದಾರೆ ಅಂತ ತಿಳ್ಕೊಳ್ಳೋ ಹಕ್ಕು ನಮಗಿಲ್ವಾ? ಪಟ್ಟಿ ಇದೆಯಂತಲ್ಲ, ಮಂಡಿಸಿ" ಅಂದರು. ಕೆಲವರು ಮೇಜು ಕುಟ್ಟಿದರು. ನೀವೂ ಅಲ್ಲಿದ್ದಿರಿ, ನೋಟ್ಸ್ ಬರೆದುಕೊಳ್ಳುತ್ತಿದ್ದಿರಿ. ಬರುವ ಚುನಾವಣೆಯಲ್ಲಿ ಮೇಜು ಕುಟ್ಟಿದವರೇ ಗೆದ್ದರೆ ನಿಮ್ಮ ಬೀರುವಿನ ಬೀಗದಕೈ ಯಾರ ಕೈಗೆ ಹೋಗುತ್ತದೆ? ಅವರು ಯಾರನ್ನಾದರೂ ಹುಡುಕಬೇಕಾಗುತ್ತದೆಯೇ?

ನನಗೆ ಭಯವಾಗಿದೆ ಮಾನ್ಯರೇ. ದೊಡ್ಡಮ್ಮನ ಭಯವನ್ನು ಮುದುಕಿಯ ಭ್ರಮೆಯೆಂದು ಇಷ್ಟು ವರ್ಷ ನಕ್ಕವಳು ನಾನು. ಈಗ ಅವಳು ಒಳಗೂ ಕೋಟು ಬಿಚ್ಚುವುದಿಲ್ಲ, ಬೂಟು ಕಳಚುವುದಿಲ್ಲ. ನಿನ್ನೆ ಸೂಪು ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ ಜರ್ಮನ್‌ನಲ್ಲಿ, "ಯಾರು?" ಅಂದಳು. ನಮ್ಮ ಭಾಷೆಯಲ್ಲಿ, "ನಾನೇ ದೊಡ್ಡಮ್ಮ, ಬಾಗಿಲು ತೆಗಿ" ಅಂದೆ. ಉತ್ತರ ಬರಲಿಲ್ಲ. ಎರಡು ಸಲ, ಮೂರು ಸಲ ಕರೆದೆ. ನನಗೆ ಮಾತು ಕಲಿಸಿದವಳು ಅವಳು, ನನ್ನ ದನಿ ಅವಳಿಗೆ ಗೊತ್ತಿಲ್ಲವೇ? ಕೊನೆಗೆ ಜರ್ಮನ್‌ನಲ್ಲಿ ಹೇಳಿದೆ. ಆಗ ಚಿಲಕ ಸರಿಯಿತು.

ಆದ್ದರಿಂದ, ಬರುವ ಸೋಮವಾರದೊಳಗೆ ಆ ಕಾಗದ ಮತ್ತು ಅದರ ಎಲ್ಲ ಪ್ರತಿಗಳನ್ನು ನೀವೇ ಕೈಯಾರೆ ತಂದುಕೊಡಿ. ಮೂರನೇ ಮಹಡಿ, ಎಡಗಡೆಯ ಬಾಗಿಲು. ವಿಳಾಸ ನಿಮ್ಮಲ್ಲಿದೆ. ಅವಳ ಎದುರಿಗೇ ಒಲೆಗೆ ಹಾಕಿ, ಮುಗಿಯಿತೆಂದು ಹೇಳಿ. ದಯವಿಟ್ಟು ನಮ್ಮ ಭಾಷೆಯಲ್ಲಿ ಹೇಳಬೇಡಿ. ಆ ಭಾಷೆಯಲ್ಲಿ ಕರೆದರೆ ಅವಳು ಈಗ ಯಾರಿಗೂ ಬಾಗಿಲು ತೆಗೆಯುವುದಿಲ್ಲ.

ಇಂತಿ,
ನಾಲ್ಕನೇ ಮಾರ್ಗದ ಟ್ರಾಮ್ ಚಾಲಕಿ
(ಹೆಸರು ನಿಮ್ಮ ಪಟ್ಟಿಯಲ್ಲಿದೆ, ಮೇಲಿನಿಂದ ಎರಡನೆಯದು)